ಐದು ಜನರ ಬುತ್ತಿ, ಒಂದು ಹೆಗಲು

ಮಲವಗೊಪ್ಪದ ಜಗದಾಂಬಾ ಚೀಲ ಎತ್ತಲು ನೋಡಿದರು. ಅದು ನೆಲ ಬಿಡಲಿಲ್ಲ. ರೊಟ್ಟಿಯ ಕಟ್ಟು, ಚಕ್ಕುಲಿ, ಉಪ್ಪಿನಕಾಯಿಯ ಗಾಜಿನ ಬಾಟಲಿ ಎಲ್ಲ ಅದರಲ್ಲಿದ್ದವು. ಬೆಳಿಗ್ಗೆ ಮಾಡುವ ಚಿತ್ರಾನ್ನಕ್ಕೆ ದೊಡ್ಡ ಸ್ಟೀಲ್ ಡಬ್ಬಿ ಬೇರೆ ಕಾದಿತ್ತು. ಮರುದಿನ ಮಹಿಳಾ ಸಂಘದ ಐವರು ಮೂರು ದಿನದ ಬೆಟ್ಟದ ನಡಿಗೆಗೆ ಹೊರಡಬೇಕು. ಹೋದ ವರ್ಷ ಜಗದಾಂಬಾ ಮೊದಲ ದಿನವೇ ಹೆಗಲು ಸೋತು ಅರ್ಧದಾರಿಯಿಂದ ವಾಪಸಾಗಿದ್ದರು. ಈ ಸಲ ಕೊನೆಯವರೆಗೂ ನಡೆದೇ ತೀರಬೇಕೆಂಬ ಹಟ.

“ಬೆಟ್ಟ ಹತ್ತೋಕೆ ಹೋಗ್ತಿದೀಯೋ, ಬೀಗರಿಗೆ ಊಟ ಹಾಕೋಕೋ?” ಎಂದರು ಗಂಡ ವಿಶ್ವಾರಾಧ್ಯ.

“ನಾನೊಬ್ಳೇ ಡಬ್ಬಿ ಬಿಚ್ಚಿ ತಿನ್ಲಾ? ಜೊತೇಲಿದ್ದೋರಿಗೆ ಕೊಡ್ದೆ ತುತ್ತು ಇಳಿಯುತ್ತಾ?”

ಅಷ್ಟರಲ್ಲಿ ಪಕ್ಕದ ಮನೆಯ ಅತೀಕಾ ಬಂದಳು. ಅವಳು ಶಾಲೆಯ ಆಟದ ಟೀಚರ್. ಮಕ್ಕಳನ್ನು ಚಾರಣಕ್ಕೆ ಕರೆದೊಯ್ದ ಅನುಭವವಿದ್ದವಳು. ಕೇಳುವ ಮೊದಲೇ ಚೀಲದ ಇನ್ನೊಂದು ಕಡೆ ಹಿಡಿದು ಮಂಚದ ಮೇಲಿಡಲು ಕೈಜೋಡಿಸಿದಳು.

“ಅಕ್ಕ, ಉಳಿದೋರು ಎಷ್ಟೆಷ್ಟು ತರ್ತಾರೆ ಅಂತ ಕೇಳಿದ್ರಾ?”

“ಅದನ್ನೆಲ್ಲ ಕೇಳ್ತಾರಾ ಮಾರಾಯ್ತಿ? ಏನಂದ್ಕೋತಾರೆ?”

“ಏನೂ ಅಂದ್ಕೊಳ್ಳಲ್ಲ. ಈಗ್ಲೇ ಕೇಳಿ.”

ಜಗದಾಂಬಾ ಮುಜುಗರದಿಂದಲೇ, ಜೊತೆಗೆ ಬರಲಿದ್ದ ಭದ್ರಾವತಿಯ ತನುಜಾಗೆ ಫೋನ್ ಮಾಡಿದರು.

“ಐದು ಜನಕ್ಕೂ ಚಪಾತಿ ಲಟ್ಟಿಸ್ತಾ ಕೂತಿದೀನಿ ಕಣಕ್ಕ. ಉಚ್ಚಂಗಮ್ಮನೂ ಐದು ಜನಕ್ಕೇ ಮಾಡ್ತಿದಾರಂತೆ” ಎಂದಳು ತನುಜಾ.

ವಿಶ್ವಾರಾಧ್ಯರು ನಕ್ಕರು. “ಹೋಗೋರು ಐದು ಜನ, ಹೊರೋದು ಇಪ್ಪತ್ತೈದು ಜನದ ಊಟ.”

“ಹಂಗಂತ ಕಮ್ಮಿ ಮಾಡಿ ಕಾಡಲ್ಲಿ ಉಪವಾಸ ಬಿದ್ರೆ?” ಜಗದಾಂಬಾ ಬಿಡಲಿಲ್ಲ.

“ಅದೂ ಬೇಡ ಅಕ್ಕ” ಎಂದಳು ಅತೀಕಾ. “ನಡೆದ್ರೆ ಮನೇಲಿದ್ದಾಗಿಂತ ಜಾಸ್ತಿ ಹಸಿವಾಗುತ್ತೆ. ರಾತ್ರಿ ಊಟ ಉಳ್ಕೊಳ್ಳೋ ಕಡೆ ಸಿಗುತ್ತಾ ಅಂತ ಮೊದ್ಲೇ ವಿಚಾರಿಸಿ. ಹಗಲಿಗೆ ಅವರವರ ಪಾಲು ಅವರವರು ಹೊತ್ಕೊಳ್ಳಿ. ಅದ್ರ ಮೇಲೆ ಒಂದು ಹೊತ್ತಿಗಾಗೋಷ್ಟು ಅವಲಕ್ಕಿ, ಬೆಲ್ಲ ಇರ್ಲಿ. ದಾರಿ ತಪ್ಪಿದ್ರೆ, ಮಳೆ ಹಿಡಿದ್ರೆ ಅದೇ ಗತಿ. ಚಿತ್ರಾನ್ನ ಮೊದಲ್ನೇ ಮಧ್ಯಾಹ್ನಕ್ಕೆ ಮಾತ್ರ, ಆಮೇಲೆ ಹಳಸುತ್ತೆ. ಉಳಿದ ದಿನಕ್ಕೆ ಒಣ ರೊಟ್ಟಿ, ಚಟ್ನಿಪುಡಿ. ಗಾಜಿನ ಬಾಟ್ಲಿ ತೆಗೀರಿ, ಆ ಜಾಗಕ್ಕೆ ನೀರಿಡಿ.”

“ಮತ್ತೆ ಹಂಚಿ ತಿನ್ನೋದು?”

“ಧಾರಾಳವಾಗಿ ಹಂಚ್ಕೊಳ್ಳಿ. ಮಾತಾಡ್ಕೊಂಡು ತನ್ನಿ ಅಷ್ಟೇ.”

ಜಗದಾಂಬಾ ಉಳಿದವರಿಗೂ ಫೋನ್ ಮಾಡಿ ಮುಗಿಸಿ, ಚೀಲ ಬಿಚ್ಚಿ ಹೊಸದಾಗಿ ತುಂಬಿದರು. ಚಕ್ಕುಲಿ ಗಂಡನ ಪಾಲಾಯಿತು. ಚೀಲ ಹೆಗಲಿಗೇರಿಸಿ ಬೀದಿಯ ಕೊನೆಯವರೆಗೆ ಹೋಗಿ ಬಂದರು. “ಇದನ್ನ ಹೊತ್ಕೊಂಡು ನಡೀತೀನಿ” ಎಂದರು.

ನಡೆದರು. ಮೂರನೆಯ ದಿನ ಕೊನೆಯ ಏರಿನಲ್ಲಿ ಉಚ್ಚಂಗಮ್ಮ ಏದುಸಿರು ಬಿಡುತ್ತ ಕುಳಿತಾಗ, ಅವರ ಚೀಲವನ್ನೂ ಎತ್ತಿಕೊಂಡು ಮೇಲೆ ಹತ್ತಿದವರು ಜಗದಾಂಬಾ.

ದೂರದ ನಡಿಗೆಗೆ ಹೊರಡುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬುತ್ತಿ ಕಟ್ಟುವ ಮುಂಚೆ ಜೊತೆಯವರನ್ನು ಒಂದು ಮಾತು ಕೇಳಿ. ನಿಮಗೆ ಬೇಕಾದಷ್ಟು, ಮೇಲೊಂದು ಹೊತ್ತಿನದು ಇರಲಿ. ಅದಕ್ಕಿಂತ ಕಡಿಮೆ ಬೇಡ, ಹೆಚ್ಚೂ ಬೇಡ. ನಿಮ್ಮ ಹೆಗಲಲ್ಲಿ ಇನ್ನೊಬ್ಬರಿಗೆ ನೆರವಾಗುವಷ್ಟು ಶಕ್ತಿ ಉಳಿದಿರಲಿ.