ಅಕ್ಕನ ಅಂಗಳದ ಸೊನ್ನೆ

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಾಲ್ಕು ತಿಂಗಳು ಅಕ್ಕನ ಅಂಗಳದಲ್ಲೇ ಸೊನ್ನೆ ಮಾಡಿಕೊಂಡೆ.

ಸೊನ್ನೆ ಅಂದರೆ ಇಷ್ಟೇ. ನಮ್ಮ ಗುಡ್ಡದ ಬಿರುಕುಗಳಲ್ಲಿ ನೆಲದಡಿಯ ಮೀಥೇನ್ ತಾನಾಗಿಯೇ ಸೋರುತ್ತದೆ. ಎಷ್ಟು ಸೋರುತ್ತದೆ ಎಂದು ಡ್ರೋನ್ ಹಾರಿಸಿ ಅಳೆಯುವುದು ನನ್ನ ಕೆಲಸ. ಹಾರಿಸುವ ಮೊದಲು ಅದನ್ನು ಗ್ಯಾಸಿಲ್ಲದ ಜಾಗದಲ್ಲಿಟ್ಟು, ಇದೇ ಶುದ್ಧ ಗಾಳಿ ಎಂದು ಅದಕ್ಕೆ ಕಲಿಸಬೇಕು. ಅಕ್ಕನ ಮನೆ ಗುಡ್ಡದ ಬುಡದಲ್ಲಿ. ಅಂಗಳ ಸಮತಟ್ಟು, ಜೊತೆಗೆ ಬಿಸಿ ಚಹಾ. ಇನ್ನೇನು ಬೇಕಿತ್ತು ನನಗೆ? ಮೇಲೆ ಹಾರಿದಾಗ ಕೆಲವು ಸಲ ಸೊನ್ನೆಗಿಂತ ಕೆಳಗಿನ ಅಂಕಿ ಬರುತ್ತಿತ್ತು. ಯಂತ್ರದ ಕೊಂಕು ಎಂದು ಅಳಿಸಿಹಾಕುತ್ತಿದ್ದೆ.

ಅಡುಗೆಮನೆಯ ಗಾಳಿ ಬಂದರೆ ಸೊನ್ನೆ ಕೆಡುತ್ತದೆ, ಹಾರಿಸುವ ದಿನ ಬಾಗಿಲು ಕಿಟಕಿ ಹಾಕಿಕೊಂಡಿರು ಎಂದು ಅಕ್ಕನಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಸೆಕೆಯಲ್ಲಿ ಬೆಂದರೂ ತೆಗೆಯುತ್ತಿರಲಿಲ್ಲ, ಪುಣ್ಯಾತ್ಗಿತ್ತಿ. ಡ್ರೋನ್ ಅಂಗಳದಂಚಿನ ಬಟ್ಟೆಹಗ್ಗದ ಹತ್ತಿರ ಬಂದರೆ ಮಾತ್ರ ಪೊರಕೆ ಹಿಡಿದು ಹೊರಗೆ ಬರುತ್ತಿದ್ದಳು. ಒಲೆ ಹಚ್ಚುವಾಗ ಕಡ್ಡಿಯ ಉರಿ ಭಗ್ಗನೆ ಉದ್ದವಾಗುತ್ತದೆ ಎಂದು ಒಮ್ಮೆ ಹೇಳಿದಳು. ನಿನ್ನ ಸಿಟ್ಟಿಗೆ ಕಡ್ಡಿಯೂ ಹೆದರುತ್ತದೆ ಎಂದು ನಕ್ಕೆ. ತಲೆನೋವು ಎಂದಾಗ ಕನ್ನಡಕ ಬದಲಿಸು ಎಂದೆ.

ಇವತ್ತು ಹಾರಿಸುತ್ತೇನೆಂದು ಅಕ್ಕನಿಗೆ ಮೊದಲೇ ಹೇಳಿದ್ದೆ. ಆದರೆ ಅವಳ ಮನೆಗೆ ಹೋಗುವ ಹಳ್ಳದ ಸೇತುವೆ ದುರಸ್ತಿಗೆ ಮುಚ್ಚಿತ್ತು. ಹಾಗಾಗಿ ಈಚೆ ದಿಬ್ಬದ ಮೇಲೆಯೇ ಸೊನ್ನೆ ಮಾಡಿ ಹಾರಿಸಿದೆ. ಅಕ್ಕನ ಅಂಗಳದ ಮೇಲೆ ಬರುತ್ತಲೇ ಅಂಕಿ ಏರತೊಡಗಿತು. ಯಂತ್ರ ಕೆಟ್ಟಿತೆಂದು ಬೈದೆ. ಜೊತೆಗಿದ್ದ ಭೂವಿಜ್ಞಾನಿ ಮೂಗಮ್ಮ ಬೈಯಲಿಲ್ಲ. ವಾಸನೆಯೇ ಇಲ್ಲದ ಗ್ಯಾಸನ್ನು ಹುಡುಕುವ ಅವರಿಗೆ ನಾವಿಟ್ಟ ಹೆಸರು ಅದು. ಇಷ್ಟು ದಿನ ಸೊನ್ನೆ ಎಲ್ಲಿ ಮಾಡುತ್ತಿದ್ದೆ ಎಂದು ಕೇಳಿದರು. ಅಕ್ಕನ ಅಂಗಳದತ್ತ ಕೈ ತೋರಿಸಿದೆ.

"ಅಲ್ಲೇ ಸೋರ್ತಿದೆ ಕಣೋ," ಎಂದರು. "ಬಾಗಿಲು ಹಾಕಿದ್ರೆ ಮನೆಯೊಳಗೆ ತುಂಬ್ಕೊಂಡಿರುತ್ತೆ."

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ದೀಪ ನಾನೇ. ಗಂಟೆ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಒಂದಕ್ಕೆ ಭಾವ ಊಟಕ್ಕೆ ಬರುತ್ತಾರೆ. ಹನ್ನೆರಡು ಹೊಡೆದರೆ ಅಕ್ಕ ಕಡ್ಡಿ ಗೀರುತ್ತಾಳೆ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಹಳ್ಳ ಇಳಿದು ಆಚೆ ಹತ್ತಲು ಅರ್ಧ ಗಂಟೆ ಬೇಕು. ಅಗ್ನಿಶಾಮಕದವರೂ ಅಷ್ಟೇ ಹೊತ್ತು ಹೇಳಿದರು. ನನ್ನ ಅಕ್ಕನನ್ನು ನಾನೇ ಕೊಂದೆ ಎಂದು ಅತ್ತೆ, ನಾಚಿಕೆಬಿಟ್ಟು ಅತ್ತೆ.

ಆಗ ಪೊರಕೆ ನೆನಪಾಯಿತು. ಬಾಗಿಲ ಹತ್ತಿರ ಬೇಡ, ಮೋಟಾರಿನ ಕಿಡಿ ಹಾರೀತು ಎಂದು ಮೂಗಮ್ಮ ಎಚ್ಚರಿಸಿದರು. ಡ್ರೋನನ್ನು ಬಟ್ಟೆಹಗ್ಗದ ಆಚೆಗೆ ಒಯ್ದು ಕೆಳಗಿಳಿಸಿದೆ. ರೆಕ್ಕೆಗಾಳಿಗೆ ಅಕ್ಕನ ಬಿಳಿ ಹೊದಿಕೆ ಹಾರಿ ಕೆಸರಿಗೆ ಬಿತ್ತು. ಬಾಗಿಲು ತೆರೆಯಲಿಲ್ಲ. ಇನ್ನೊಂದು ಬಟ್ಟೆ ಬೀಳಿಸಿದೆ. ತೆರೆಯೇ ತಾಯಿ, ಒಂದು ಸಲ ನನ್ನ ಮಾತು ಮೀರೇ ಎಂದು ಡ್ರೋನ್ ಕ್ಯಾಮೆರಾದ ಪರದೆಗೆ ಹೇಳುತ್ತಿದ್ದೆ. ಗಂಟೆ ಹನ್ನೆರಡಕ್ಕೆ ಎರಡು ನಿಮಿಷ.

ಬಾಗಿಲು ತೆರೆಯಿತು. ಅವಳ ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣ.

ಡ್ರೋನನ್ನು ಅವಳ ಕೈಗೆ ಸಿಕ್ಕೂ ಸಿಗದ ಹಾಗೆ ಹಳ್ಳದತ್ತ ಒಯ್ಯುತ್ತ ಹೋದೆ. ಅವಳು ಬೈಯುತ್ತ ಹಿಂದೆಯೇ ಬಂದಳು. ನಾನೂ ಈಚೆಯಿಂದ ಇಳಿದೆ, ಎರಡು ಸಲ ಬಿದ್ದೆ. ಬ್ಯಾಟರಿ ಮುಗಿದು ಡ್ರೋನ್ ನೀರಿಗೆ ಬಿದ್ದಾಗ ನಾವಿಬ್ಬರೂ ಹಳ್ಳದ ಎರಡು ದಡದಲ್ಲಿದ್ದೆವು.

ನನ್ನ ಮುಖ ನೋಡಿ ಅವಳ ಸಿಟ್ಟು ಇಳಿದುಹೋಯಿತು.

"ಬಾಗಿಲು ತೆಗೆದಿಟ್ಟು ಬಂದ್ಬಿಟ್ಟೆ ಕಣೋ," ಎಂದಳು ಏದುಸಿರು ಬಿಡುತ್ತ. "ನಿನ್ನ ಸೊನ್ನೆ ಕೆಡ್ತೇನೋ. ಹೋಗಿ ಹಾಕಿ ಬರ್ಲಾ?"

ನಾನು ಸೊಂಟಮಟ್ಟದ ನೀರಿಗಿಳಿದು ನಿಂತು ಕೈಮುಗಿದೆ.

"ಬೇಡ ಅಕ್ಕ. ಇನ್ಯಾವತ್ತೂ ಹಾಕ್ಬೇಡ."