ಮುದ್ದನಕೊಪ್ಪಲಿನ ಕೆಂಪು

ಮಲ್ಲಿಗಮ್ಮ ಹಳ್ಳಿಮೈಸೂರಿನ ಕಡೆಯವಳು. ತವರಿನದು ಕೆರೆ ಕೆಳಗಿನ ಗದ್ದೆ, ಕಾಲಿಟ್ಟರೆ ಮೊಣಕಾಲವರೆಗೆ ಹೂಳುವ ಕಪ್ಪು ಮಣ್ಣು, ಭತ್ತದ ಕಣಜ ಬರಿದಾಗದ ಮನೆ. ಆಕೆಯನ್ನು ಶಾಂತಿಗ್ರಾಮದ ಆಚೆ ದಿಬ್ಬದ ಮೇಲಿನ ಮುದ್ದನಕೊಪ್ಪಲಿನ ಸಣ್ಣಯ್ಯನಿಗೆ ಕೊಟ್ಟಾಗ ನೆಂಟರು ಮೂಗು ಮುರಿದಿದ್ದರು. ಮುದ್ದನಕೊಪ್ಪಲು ಅಂದರೆ ಒಂದು ಹಿಡಿ ಮನೆಗಳು, ನಾಲ್ಕಾರು ಹುಣಸೆ ಮರ, ಸುತ್ತ ಕಣ್ಣು ಹಾಯುವಷ್ಟು ಕೆಂಪು ಹೊಲ. ಹಾಸನದ ಬಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ. ಯಾವೂರು ಅಂತ ಕೇಳಿದರೆ ಆ ಊರಿನವರೇ 'ಶಾಂತಿಗ್ರಾಮದ ಪಕ್ಕ' ಅಂದು ಮಾತು ಮುಗಿಸಿಬಿಡುತ್ತಿದ್ದರು.

ಹೊಸದರಲ್ಲಿ ಆಕೆಗೂ ಬೇಜಾರಿತ್ತು. ಬಿಳಿ ಸೀರೆ ಉಡುವ ಹಾಗಿಲ್ಲ, ತೊಳೆದಷ್ಟೂ ಪಾದ ಕೆಂಪು. ತಮ್ಮ ಲಕ್ಕಯ್ಯ ಬಂದಾಗಲೆಲ್ಲ, "ಏನಕ್ಕ, ಈ ಬೋರೆ ದಿಬ್ದಲ್ಲಿ ಉಳ್ಳಿಕಾಳು ಬುಟ್ರೆ ಇನ್ನೇನ್ ಬೆಳ್ದದು?" ಅಂತ ನಗುತ್ತಿದ್ದ. ಆದರೆ ಕೈಯಾಡಿಸಿ ಕೈಯಾಡಿಸಿ ಆ ನೆಲ ಆಕೆಗೆ ಒಗ್ಗಿತು. ಮಳೆ ಬಿದ್ದ ಮಾರನೆಯ ದಿನವೇ ನೇಗಿಲು ಹೂಡಬಹುದು, ಕೆಸರು ಕಾಲು ಹಿಡಿಯುವುದಿಲ್ಲ. ಮೇಲೆ ಒಣಗಿ ಧೂಳಾಡುತ್ತಿದ್ದರೂ ರಾಗಿ ಬಾಡದೆ ನಿಂತಿರುತ್ತದೆ. ಕೆರೆಗಳೆಲ್ಲ ಬತ್ತಿ ತವರಿನ ಭತ್ತ ಜೊಳ್ಳಾದ ವರ್ಷವೂ ಈ ದಿಬ್ಬದ ರಾಗಿ ತೆನೆ ಮುಷ್ಟಿ ಕಟ್ಟಿತ್ತು. ಯಾಕೆ ಹೀಗೆ ಅಂತ ಆಕೆಗೆ ಗೊತ್ತಿರಲಿಲ್ಲ. ಕೇಳುವುದಕ್ಕೆ ಯಾರೂ ಇರಲಿಲ್ಲ.

ಅರುವತ್ತಮೂರನೇ ಇಸವಿಯ ಮಾಘದಲ್ಲಿ ಮಣ್ಣು ಸರ್ವೆಯ ಜೀವಂಧರ ಊರಿಗೆ ಬಂದ. ಬೆಳಗೊಳದ ಜೈನರ ಮನೆಯವನು, ಹೆಬ್ಬಾಳದಲ್ಲಿ ಬೇಸಾಯದ ಓದು ಮುಗಿಸಿದ್ದವನು. ಅವನ ಕೈಯಲ್ಲಿ ಉದ್ದನೆಯ ಬೈರಿಗೆ. ದಿಬ್ಬದ ನೆತ್ತಿಯಿಂದ ಕೆರೆಯಂಗಳದವರೆಗೆ ನಡೆಯುತ್ತ ಅಲ್ಲಲ್ಲಿ ನೆಲಕ್ಕೆ ತಿರುಪಿ, ಬಂದ ಮಣ್ಣನ್ನು ಅಂಗೈಯಲ್ಲಿ ನೀರು ಹಾಕಿ ನಾದಿ, ಬೆರಳ ನಡುವೆ ಪಟ್ಟಿಯಂತೆ ಒತ್ತಿ ನೋಡುತ್ತಿದ್ದ. ಊರಿನವರಿಗೆ ಅವನನ್ನು ನೋಡಿ ತಮಾಷೆ. ಗೆಡ್ಡೆ ಗೆಣಸು ಮುಟ್ಟದ ಮನುಷ್ಯ ದಿನವಿಡೀ ಗೆಣಸಿನ ಹಾಗೆ ಮಣ್ಣಲ್ಲೇ ಇರ್ತಾನಲ್ಲ ಅಂತ ಹೆಂಗಸರು ನಗುತ್ತಿದ್ದರು.

ವಾರ ಕಳೆದ ಮೇಲೆ ಅವನು ಸಣ್ಣಯ್ಯನ ಮನೆಗೆ ಬಂದು, ಅವರ ಹೊಲದಲ್ಲಿ ಆಳುದ್ದದ ಗುಂಡಿ ತೋಡಬೇಕು ಅಂದ.

"ಯಾಕೆ ಸಾ? ಬಾವಿ ಮಾಡಿಕೊಡ್ತೀರಾ?" ಅಂದ ಸಣ್ಣಯ್ಯ.

"ಬಾವಿಯಲ್ಲ ಸಣ್ಣಯ್ಯನವರೇ. ಮಣ್ಣು ನೋಡಬೇಕು."

"ಮಣ್ ನೋಡಕ್ಕೆ ಗುಂಡಿ ಯಾಕೆ? ಅಂಗೇ ಕಾಣಾಕಿಲ್ವಾ? ನಾಳೆ ರಸ್ತೆ ಅಂತೀರಿ, ನಾಡಿದ್ದು ವಲವೇ ನಮ್ದು ಅಂತೀರಿ. ಆಗಾಕಿಲ್ಲ ಓಗಿ."

ಜೀವಂಧರ ಸಿಟ್ಟಾಗಲಿಲ್ಲ. "ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಹಿಸುಕ್ತೀವಲ್ಲ, ಹಾಗೆ. ಚನ್ನರಾಯಪಟ್ಟಣದಿಂದ ಹಾಸನದವರೆಗೆ ಎಷ್ಟೋ ಕಡೆ ಇದೇ ಮಣ್ಣಿದೆ. ನೆತ್ತಿ ಮೇಲೆ ಕಲ್ಲು ಜಾಸ್ತಿ, ಕೆಳಗೆ ಕೆರೆ ಹತ್ತಿರ ಕಪ್ಪಾಗಿದೆ. ನಡು ಇಳಿಜಾರಲ್ಲಿ ನಿಮ್ಮ ಹೊಲ ಇದೆ. ಇಲ್ಲಿ ಅದು ತನ್ನ ಪೂರ್ತಿ ಗುಣ ತೋರಿಸುತ್ತೆ. ಆ ಮಣ್ಣಿಗೆ ಇನ್ನೂ ಹೆಸರಿಟ್ಟಿಲ್ಲ. ಮೊದಲು ಎಲ್ಲಿ ನೋಡಿ ಬರೀತೀವೋ ಆ ಊರಿನ ಹೆಸರೇ ಅದಕ್ಕೆ ಇಡೋದು ನಮ್ಮ ಪದ್ಧತಿ."

ಬಾಗಿಲ ಹಿಂದಿದ್ದ ಮಲ್ಲಿಗಮ್ಮ ಹೊರಗೆ ಬಂದಳು. "ನಮ್ಮೂರ ಯೆಸ್ರಾ?"

"ಹೌದಮ್ಮ. ಮುದ್ದನಕೊಪ್ಪಲು ಮಣ್ಣು ಅಂತ."

"ತೋಡ್ಲಿ ಬುಡಿ," ಅಂದಳು ಗಂಡನ ಕಡೆ ತಿರುಗಿ. "ಮೂಡ್ಲ ಬದಿನ ಮಗ್ಗುಲಲ್ಲಿ ಉಳದೇ ಬುಟ್ಟಿರೋ ಜಾಗ ಅದೆ. ಆಮ್ಯಾಕೆ ನಾನೇ ಮುಚ್ಕತೀನಿ."

ಸಣ್ಣಯ್ಯ ಗೊಣಗುತ್ತ ಎದ್ದು ಹೋದ. ಅವನ ಗೊಣಗಾಟ ಅಂದರೆ ಒಪ್ಪಿಗೆ ಅಂತ ಮಲ್ಲಿಗಮ್ಮನಿಗೆ ಗೊತ್ತಿತ್ತು.

ಗುಂಡಿ ಆದಮೇಲೆ ಜೀವಂಧರ ಒಂದು ಗೋಡೆಯನ್ನು ಚಾಕುವಿನಿಂದ ಕೆರೆದು ಹಸನು ಮಾಡಿದ. ಬುತ್ತಿ ತಂದಿದ್ದ ಮಲ್ಲಿಗಮ್ಮ ಸೆರಗು ಸಿಕ್ಕಿಸಿ ಒಳಗಿಳಿದೇ ಬಿಟ್ಟಳು. ಇಷ್ಟು ವರ್ಷ ಮೇಲೆ ನಡೆದಾಡಿದ್ದ ನೆಲವನ್ನು ಒಳಗಿಂದ ನೋಡಿದ್ದು ಅವತ್ತೇ. ಮೇಲೆ ಒಂದು ಗೇಣು ಕಂದುಗೆಂಪು, ಹಿಡಿದರೆ ಮರಳು ಮರಳು. ಅದರ ಕೆಳಗೆ ಎಳನೀರ ಮಟ್ಟೆ ಸೀಳಿದ ಹಾಗೆ ಥಟ್ಟನೆ ಬೇರೆ ಬಣ್ಣ, ಗಾಢ ಕೆಂಪು. ಬೆರಳಿಟ್ಟರೆ ತಣ್ಣಗೆ, ಒತ್ತಿದರೆ ಮೇಣದಂತೆ ನುಣುಪು. ಅದರೊಳಗೆ ಕೂದಲಿಗಿಂತ ತೆಳ್ಳಗಿನ ಬೇರುಗಳು ಇಳಿದಿದ್ದವು. ಇನ್ನೂ ಕೆಳಗೆ ಬಿಳಿಗಲ್ಲಿನ ಗರಸಿನ ಸಾಲು, ಅದರಡಿ ಪುಡಿಯಾಗುವ ಬಂಡೆ. ಆ ಬಂಡೆಯಲ್ಲಿ ಕಲ್ಲಿನ ಪಟ್ಟೆಗಳು ಅಳಿಸದೆ ಉಳಿದಿದ್ದವು, ಆದರೆ ಉಗುರು ತಾಗಿಸಿದರೆ ಉದುರುತ್ತಿತ್ತು.

"ಇದು ಕಲ್ಲೋ ಮಣ್ಣೋ?"

"ಎರಡೂ ಅಮ್ಮ. ನಿಮ್ಮ ಹೊಲದ ಮಣ್ಣು ಎಲ್ಲಿಂದಲೋ ಬಂದದ್ದಲ್ಲ, ಈ ಬಂಡೆಯ ಮಗುವೇ. ಕಲ್ಲೊಳಗಿನ ಕಬ್ಬಿಣ ತುಕ್ಕು ಹಿಡಿದದ್ದಕ್ಕೆ ಈ ಕೆಂಪು."

"ಮತ್ತೆ ನಮ್ ತೌರಲ್ಲಿ ಯಾಕೆ ಕಪ್ಪು?"

"ಅಲ್ಲಿ ತಗ್ಗು, ನೀರು ನಿಲ್ಲುತ್ತೆ. ಇಲ್ಲಿ ಇಳಿಜಾರು, ಅದೂ ಮೆಲ್ಲನೆಯದು. ನೀರು ನಿಲ್ಲಲ್ಲ, ಕೊಚ್ಚಿಕೊಂಡೂ ಹೋಗಲ್ಲ. ಸಕಲೇಶಪುರದಷ್ಟು ಮಳೆಯಿಲ್ಲ, ಚಿತ್ರದುರ್ಗದಷ್ಟು ಬಿಸಿಲೂ ಇಲ್ಲ. ಮುಂಗಾರಲ್ಲಿ ನೆಂದು, ನಡುವೆ ಒಣಗಿ, ಮತ್ತೆ ಹಿಂಗಾರಲ್ಲಿ ನೆಂದು, ಹೀಗೆ ಎಷ್ಟೋ ಸಾವಿರ ವರ್ಷ ಆಗಿದೆ. ಮೇಲಿದ್ದ ಜೇಡಿಯೆಲ್ಲ ಮಳೆನೀರಿನ ಜೊತೆ ಇಳಿದು ಇಗೋ, ಈ ಪದರದಲ್ಲಿ ಕೂತಿದೆ. ಮಡಕೇಲಿ ನೀರಿಟ್ಟ ಹಾಗೆ ಇದು ತೇವ ಇಟ್ಟುಕೊಳ್ಳುತ್ತೆ. ಮೇಲೆ ಒಣಗಿದರೂ ರಾಗಿ ಬೇರು ಇಲ್ಲಿಗೆ ಬಂದು ಕುಡಿಯುತ್ತೆ."

ಮಲ್ಲಿಗಮ್ಮ ತುಂಬ ಹೊತ್ತು ಆ ಪದರದ ಮೇಲೆ ಅಂಗೈಯಿಟ್ಟು ನಿಂತಿದ್ದಳು. ತನ್ನ ಮಗಳನ್ನು ಯಾರೋ ಬಲ್ಲವರು ಹೊಗಳಿದಂತೆ ಆಕೆಯ ಎದೆ ತುಂಬಿ ಬಂತು.

ತೊಡಕು ಬಂದದ್ದು ಆಮೇಲೆ. ಜ್ಯೇಷ್ಠದ ಮೊದಲಿಗೆ ಹಾಸನದಲ್ಲಿ ಬೇಸಾಯದ ವಸ್ತುಪ್ರದರ್ಶನ. ಅಲ್ಲಿ ಜಿಲ್ಲೆಯ ಮಣ್ಣುಗಳನ್ನು ಇದ್ದ ಹಾಗೇ, ಪದರ ಕದಲದಂತೆ ನಿಲ್ಲಿಸಿ ತೋರಿಸಬೇಕು ಅಂತ ಮೇಲಿನಿಂದ ಹೇಳಿಕೆ ಬಂತು. ಗುಂಡಿಯ ಗೋಡೆಯಲ್ಲಿ ಆಳುದ್ದದ ಕಂಬ ಕೊರೆದು, ಮರದ ಪೆಟ್ಟಿಗೆ ತೊಡಿಸಿ, ಹಿಂದಿನಿಂದ ಕತ್ತರಿಸಿ ಎತ್ತಬೇಕು. ಜೀವಂಧರ ಆಳುಗಳೊಂದಿಗೆ ಎರಡು ದಿನ ಕೊರೆದ. ಎತ್ತುವಾಗ, ಬೇಸಿಗೆಗೆ ಒಣಗಿದ್ದ ಗರಸಿನ ಸಾಲು ಸಡಿಲಿ, ಕಂಬ ಸೊಂಟಕ್ಕೆ ಮುರಿದು ಬಿತ್ತು. ಅವನ ಮುಖ ನೋಡಲಾಗದೆ ಆಳುಗಳು ಬೇರೆ ಕಡೆ ತಿರುಗಿದರು.

"ಮೇಲಿನವರು ಕಾಯಲ್ಲಮ್ಮ," ಅಂದ ಅವನು ಸಂಜೆ. "ಬಾಗೂರಿನ ಕಡೆ ಇದೇ ಮಣ್ಣು ಸಿಗುತ್ತೆ, ಅಲ್ಲಿ ಗರಸು ಕಮ್ಮಿ. ಅಲ್ಲೇ ತೆಗೀರಿ ಅಂತಾರೆ."

"ಆಗ ಯೆಸ್ರು?"

"ಬಾಗೂರು ಅಂತಲೇ ಬರೀಬೇಕಾಗುತ್ತೆ," ಅಂದು ಅವನು ಬೈರಿಗೆ ಎತ್ತಿಕೊಂಡ.

ಮಾರನೆಯ ಬೆಳಿಗ್ಗೆ ಮಲ್ಲಿಗಮ್ಮ ಶಾಂತಿಗ್ರಾಮದಲ್ಲಿ ಬಿಡಾರವಿದ್ದ ಜೀವಂಧರನನ್ನು ಹುಡುಕಿಕೊಂಡು ನಡೆದೇ ಹೋದಳು. "ಸಾ, ಒಣಗಿದ್ ಮಣ್ಣು ಉದುರ್ತು. ಭರಣಿ ಮಳೆ ಉಯ್ದಮ್ಯಾಕೆ ನೆಂದಿರ್ತದಲ್ಲ, ಆಗ ಕಚ್ಕೊಂಡಿರಾಕಿಲ್ವಾ?"

"ಅದು ನನಗೂ ಹೊಳೆದಿತ್ತು. ಆದರೆ ಮಳೆ ಬಂದರೆ ಹಳೇ ಗುಂಡಿ ಕುಸಿಯುತ್ತೆ. ಹೊಸದಾಗಿ ತೋಡಬೇಕಾಗುತ್ತೆ. ಉಳಿದ ಜಾಗದಲ್ಲೆಲ್ಲ ನೀವು ಎಳ್ಳು ಬಿತ್ತೋರು."

"ಎಳ್ಳು ಓದ್ರೆ ಓಗ್ಲಿ. ನೀವು ಬಾಗೂರಿಗೆ ಓಗ್ಬ್ಯಾಡಿ."

ಜೀವಂಧರ ಒಪ್ಪಿದ. ಮಳೆವರೆಗೆ ಕಾಯ್ತೀನಿ, ಮೇಲಿನವರಿಗೆ ನಾನು ಹೇಳ್ಕೋತೀನಿ ಅಂದ.

ಹೊಸ ಗುಂಡಿಯ ಜಾಗ ಇನ್ನೂ ಗೊತ್ತಾಗದ್ದರಿಂದ, ಅಶ್ವಿನಿ ಮಳೆಯ ಮೊದಲ ಹನಿಗೆ ಹೊಲವೆಲ್ಲ ಎಳ್ಳು ಬಿತ್ತಿದರು. ಭರಣಿ ಮಳೆ ಧರಣಿ ತಣಿಯುವಷ್ಟು ಹೊಯ್ಯಿತು. ಹಳೆಯ ಗುಂಡಿ ಕುಸಿಯಿತು. ಎಳ್ಳು ಗೇಣುದ್ದ ಬಂದು ತಳತಳ ಅನ್ನುವ ಹೊತ್ತಿಗೆ ಜೀವಂಧರ ಪೆಟ್ಟಿಗೆ ಹೊತ್ತುಕೊಂಡು ಬಂದ. ಸಣ್ಣಯ್ಯ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದ. ಮಲ್ಲಿಗಮ್ಮ ಬಗ್ಗಿ, ತಾನೇ ಬಿತ್ತಿದ್ದ ಎಳ್ಳಿನ ಪೈರನ್ನು ಚೌಕವಾಗಿ ಕಿತ್ತು ಜಾಗ ಬಿಡಿಸಿದಳು. ಹಸಿರು ಹಿಡಿ ಹಿಡಿಯಾಗಿ ಬದುವಿಗೆ ಬಿತ್ತು. ಅದನ್ನು ನೋಡಲಾಗದೆ ಸಣ್ಣಯ್ಯ ಕೆಳಗಿಳಿದು ಬಂದ. "ಪೈರು ಕೀಳೋದು ನಿನ್ ಕೆಲ್ಸಾನಾ? ಅತ್ತಾಗ್ ಸರಿ," ಅಂದು ಪಕ್ಕದಲ್ಲಿದ್ದ ಗುದ್ದಲಿ ಎತ್ತಿಕೊಂಡ.

ಅವತ್ತಿನಿಂದ ತೋಡುವ ಕೆಲಸ ಸಣ್ಣಯ್ಯನದಾಯಿತು. ಜೀವಂಧರ ಗೆರೆ ಹಾಕಿ ತೋರಿಸಿದ ಕಡೆ ಕೂದಲೆಳೆ ತಪ್ಪದಂತೆ ಕೊರೆದ. ಊರಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಬಂದು ಸೇರಿದರು. ಮಲ್ಲಿಗಮ್ಮ ಮತ್ತು ನೆರೆಮನೆಯ ಮುದ್ದಮ್ಮ ಗೋಣಿತಾಟು ನೆನೆಸಿ ನೆನೆಸಿ ಕೊಟ್ಟರು, ಗರಸಿನ ಸಾಲು ಬಂದ ಕಡೆ ಅದನ್ನು ಬಿಗಿದು ಸುತ್ತಿದರು. ಪೆಟ್ಟಿಗೆ ತೊಡಿಸಿ, ಹಗ್ಗ ಹಾಕಿ, ಬೆನ್ನ ಕಡೆಯಿಂದ ತಂತಿಯಲ್ಲಿ ಕೊಯ್ದು, ಎಲ್ಲರೂ ಉಸಿರು ಬಿಗಿಹಿಡಿದು ಎತ್ತಿದರು. ಪೆಟ್ಟಿಗೆ ಹಸುಗೂಸಿನಂತೆ ನಿಧಾನವಾಗಿ ಮೇಲೆ ಬಂದು ಹುಲ್ಲಿನ ಮೇಲೆ ಮಲಗಿತು. ಜೀವಂಧರ ಗೋಣಿ ಬಿಚ್ಚಿ ನೋಡಿದ. ತಲೆಯಿಂದ ಬುಡದವರೆಗೆ ಒಂದೂ ಬಿರುಕಿರಲಿಲ್ಲ.

"ಮುರೀಲಿಲ್ಲ!" ಅಂತ ಕೂಗಿದ್ದು ಸಣ್ಣಯ್ಯ.

ಇನ್ನು ಹಾಸನಕ್ಕೆ ಒಯ್ಯಬೇಕು. ಕಬ್ಬಿಣದ ಪಟ್ಟಿಯ ಗಾಡಿಯಲ್ಲಿ ಹೋದರೆ ಕುಲುಕಿಗೇ ಪುಡಿಯಾಗುತ್ತದೆ. ಟೈರಿನ ಗಾಡಿ ಇದ್ದದ್ದು ಹಳ್ಳಿಮೈಸೂರಿನಲ್ಲಿ, ಲಕ್ಕಯ್ಯನ ಹತ್ತಿರ. ಮಲ್ಲಿಗಮ್ಮ ಹೇಳಿ ಕಳಿಸಿದಳು. ಲಕ್ಕಯ್ಯ ಬಂದವನು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, "ಮಣ್ಣಿಗೆ ಮೆರವಣಿಗೆಯಾ?" ಅಂತ ನಕ್ಕ. ಅಕ್ಕ ನಗಲಿಲ್ಲ. ಅವನ ಕೈ ಹಿಡಿದು ಗುಂಡಿಯೊಳಗೆ ಇಳಿಸಿ, ಆ ಗಾಢ ಕೆಂಪು ಪದರದ ಮೇಲೆ ಅವನ ಅಂಗೈ ಒತ್ತಿದಳು.

"ತಣ್ಣಗದೆ," ಅಂದ ಲಕ್ಕಯ್ಯ.

"ನಿನ್ ಗದ್ದೆ ಬತ್ತಿದ್ ವರ್ಸ ನನ್ ರಾಗಿ ಕಾದದ್ದು ಇದು ಕಣ್ಲಾ."

ಗಾಡಿ ತುಂಬ ರಾಗಿ ಹುಲ್ಲು ಹಾಸಿ ಪೆಟ್ಟಿಗೆ ಮಲಗಿಸಿದರು. ಗಂಡ ಹೆಂಡತಿ ಗಾಡಿಯ ಹಿಂದೆ ಹೊರಟರು. ದಾರಿಯುದ್ದಕ್ಕೂ ಲಕ್ಕಯ್ಯ ಎತ್ತುಗಳ ಮುಂದೆ ಮೂಗುದಾರ ಹಿಡಿದು ನಡೆದೇ ಹೋದ. ಹಳ್ಳ ಬಂದ ಕಡೆ, "ಮೆಲ್ಲುಕೆ, ಮೆಲ್ಲುಕೆ" ಅಂತ ಎತ್ತುಗಳಿಗೆ ಹೇಳುತ್ತಿದ್ದ.

ಹಾಸನದ ಬಯಲಲ್ಲಿ ಡೇರೆ ಹಾಕಿದ್ದರು. ಅರಕಲಗೂಡಿನ ಕಡೆಯ ಒಂದು ಮಣ್ಣು, ಹೊಳೆನರಸೀಪುರದ ಹೊಳೆದಂಡೆಯ ಮೆಕ್ಕಲು, ಅವುಗಳ ನಡುವೆ ಇವರ ಪೆಟ್ಟಿಗೆ ನೆಟ್ಟಗೆ ನಿಂತಿತು. ಜೀವಂಧರ ಹಲಗೆಯೊಂದನ್ನು ಅದರ ನೆತ್ತಿಗೆ ಹೊಡೆದ. ಓದು ಬರದ ಮಲ್ಲಿಗಮ್ಮ, "ಏನ್ ಬರ್ದದೆ?" ಅಂತ ಕೇಳಿದಳು.

ಸಣ್ಣಯ್ಯ ಅಕ್ಷರ ಕೂಡಿಸಿ ಕೂಡಿಸಿ ಓದಿದ. "ಮು-ದ್ದ-ನ-ಕೊ-ಪ್ಪ-ಲು." ಓದಿ ಮುಗಿಸಿ ರುಮಾಲು ಬಿಚ್ಚಿ ಮತ್ತೆ ಕಟ್ಟಿಕೊಂಡ.

ಜನ ಬಂದರು. ದೊಡ್ಡ ಅಧಿಕಾರಿಗಳು ಬಂದು ನೋಡಿ ತಲೆದೂಗಿದರು. ಅವರು ಹೋದ ಮೇಲೆ ಅರಕಲಗೂಡಿನ ಕಡೆಯ ಹೆಂಗಸೊಬ್ಬಳು ಪೆಟ್ಟಿಗೆಯ ಮುಂದೆ ನಿಂತು, "ಇದ್ಯಾಕವ್ವ ನಡೂಕೆ ಇಷ್ಟು ಕೆಂಪು?" ಅಂದಳು. ಉತ್ತರ ಹೇಳಬೇಕಾದ ಜೀವಂಧರ ಎಲ್ಲೋ ಹೋಗಿದ್ದ. ಮಲ್ಲಿಗಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಇದು ನಮ್ ವಲದ್ದು. ಕೆಳಗೆ ಕಾಣ್ತದಲ್ಲ ಪಟ್ಟೆ ಕಲ್ಲು, ಅದ್ರ ಮಗು ಇದು. ಮಳೆ ಬಂದಾಗ ಜೇಡಿ ಇಳ್ದು ಇಲ್ಲಿ ಕೂತದೆ..."

ಕೇಳುವವರು ಒಬ್ಬರಿಂದ ಹತ್ತಾದರು. ಯಾರೋ ಗೊಬ್ಬರದ ಮಾತು ಕೇಳಿದರು. ಗರಸು ಮೇಲೆ ಬರದ ಹಾಗೆ ಉಳುವುದು ಹೇಗೆ ಅಂದರು ಇನ್ಯಾರೋ. ತಿಳಿದದ್ದಕ್ಕೆ ಆಕೆ ಉತ್ತರ ಕೊಟ್ಟಳು, ತಿಳಿಯದ್ದಕ್ಕೆ 'ನಮ್ ಸಾ ಬರ್ಲಿ ಇರಿ' ಅಂದಳು. ತಿರುಗಿ ಬಂದ ಜೀವಂಧರ ಗುಂಪಿನ ಹಿಂದೆ ನಿಂತು ಕೇಳಿದವನು, ಮುಂದೆ ಬಂದು ನಡುವೆ ಬಾಯಿ ಹಾಕಲಿಲ್ಲ. ಒಂದು ಸ್ಟೂಲು ತರಿಸಿ ಆಕೆಯ ಪಕ್ಕ ಇಟ್ಟ.

ಹೊತ್ತು ಇಳಿದಾಗ ಸಣ್ಣಯ್ಯ ಬಂದು, "ಲಕ್ಕಯ್ಯ ಗಾಡಿ ಕಟ್ಟವ್ನೆ. ಓಗೋಣ ನಡಿ, ಹಸ ಕರೀಬೇಕು," ಅಂದ.

"ನೀನೇ ಕರ್ಕೋ. ಇಲ್ಲಿ ಇನ್ನೂ ಎರಡು ದಿನ ಅದೆ. ಬಂದೋರ್ಗೆ ಯೇಳೋರ್ ಯಾರು?"

"ಎಲ್ಲಿರ್ತೀಯ?"

"ಪೇಟೇಲಿ ನಮ್ ಅಕ್ಕಯ್ಯ ಮಾರಮ್ಮನ ಮನೆ ಇಲ್ವಾ?"

ಸಣ್ಣಯ್ಯ ಏನೋ ಗೊಣಗಿ ಹೊರಟ. ಡೇರೆಯ ಬಾಗಿಲಲ್ಲಿ ಯಾರೋ ಅವನನ್ನು ಯಾವೂರಪ್ಪ ಅಂತ ಕೇಳಿದರು. ಅವನು ಏನಂದನೋ ಮಲ್ಲಿಗಮ್ಮನಿಗೆ ಕೇಳಿಸಲಿಲ್ಲ. ಆಗಲೇ ಸ್ಕೂಲಿನ ಹೆಣ್ಣುಮಕ್ಕಳ ದೊಡ್ಡ ಸಾಲೊಂದು ಒಳಗೆ ಬರುತ್ತಿತ್ತು. ಆಕೆ ಚೊಂಬಿನಿಂದ ಒಂದು ಗುಟುಕು ನೀರು ಕುಡಿದು ಪೆಟ್ಟಿಗೆಯ ಪಕ್ಕ ಎದ್ದು ನಿಂತಳು.

"ಬನ್ನಿ ಮಕ್ಳಾ, ಅತ್ರ ಬನ್ನಿ. ಎದ್ರಬ್ಯಾಡಿ, ಮುಟ್ಟಿ ನೋಡಿ."