ಬಾನೆಟ್ ಮೇಲಿನ ಕುಂಕುಮ

ಮೇಲ್ಛಾವಣಿಯ ಅಷ್ಟೂ ಟ್ಯೂಬ್‌ಲೈಟುಗಳು ಒಟ್ಟಿಗೆ ಹತ್ತಿಕೊಂಡಾಗ ಬಿಳಿ ಕಾರಿನ ಬಾನೆಟ್ ಮೇಲಿದ್ದ ಕುಂಕುಮದ ಸ್ವಸ್ತಿಕ ಎದ್ದು ಕಾಣಿಸಿತು. ಗಿರಿರಾಜ್ ಬಗ್ಗಿ, ಉಗುರು ತಾಗಿಸದೆ, ಅದರ ಅಂಚಿನ ಹತ್ತಿರಕ್ಕೆ ಮುಖ ತಂದು ನೋಡಿದ.

"ಮೇಡಂ, ಇದನ್ನ ಹಚ್ಚಿ ಎಷ್ಟು ದಿನ ಆಯ್ತು?"

"ಬುಧವಾರ ಪೂಜೆ ಮಾಡಿಸಿದ್ವಿ," ಎಂದರು ಅನಂತಲಕ್ಷ್ಮಿ. "ಯಾಕೆ, ಏನಾದ್ರೂ ಆಗಿದ್ಯಾ?"

"ಮೂರು ದಿನ ಬಿಸಿಲಲ್ಲಿ ನಿಂತಿದೆ ಗಾಡಿ. ಈಗಿನ ಕುಂಕುಮದಲ್ಲಿ ಬರೀ ಕೆಮಿಕಲ್ಲು ಮೇಡಂ, ಬಣ್ಣ ಒಳಗಿಳಿಯುತ್ತೆ. ಇವತ್ತು ಒರೆಸಿ ಸಣ್ಣಗೆ ಪಾಲಿಶ್ ಹೊಡೆದ್ರೆ ಹೋಗುತ್ತೆ. ಹಾಗೇ ಫಿಲಂ ಹಾಕಿದ್ರೆ ಕಥೆ ಮುಗೀತು. ಫಿಲಂ ಕೆಳಗೆ ಏನಿರುತ್ತೋ ಅದು ಫಿಲಂ ಇರೋವರೆಗೂ ಅಲ್ಲೇ. ಸೊಳ್ಳೆ ಸಿಕ್ಕಾಕ್ಕೊಂಡ್ರೆ ಸೊಳ್ಳೆನೂ ಅಲ್ಲೇ." ಅವನು ನಕ್ಕ. "ನೀವು ಒರೆಸಿಕೊಡಿ, ಮಿಕ್ಕಿದ್ದು ನಮ್ಮ ಉಮಾಶ್ರೀ ನೋಡ್ಕೋತಾಳೆ. ಇವತ್ತು ಬಾನೆಟ್ ಪೂರ್ತಿ ಅವಳದೇ."

ಹೊರಗೆ ಇನ್ಯಾರದೋ ಕಾರು ಹಾರ್ನ್ ಹಾಕಿತೆಂದು ಅವನು ಹೊರಟುಹೋದ. 'ನೀವು ಒರೆಸಿಕೊಡಿ' ಅಂದದ್ದು ಅನಂತಲಕ್ಷ್ಮಿಯವರಿಗೆ ಕೇಳಿಸಿತ್ತು. ಸುಮ್ಮನೆ ಮಾತಿಗೆ ಅಂದಿರಬೇಕು ಎಂದುಕೊಂಡರು.

ಮೂಡಲಪಾಳ್ಯದ ಈ ಅಂಗಡಿಯನ್ನು ಅವರು ಸುಲಭವಾಗಿ ಆರಿಸಿರಲಿಲ್ಲ. ಬಸವೇಶ್ವರನಗರದ ತಮ್ಮ ಮನೆಯ ಬೀದಿಯಲ್ಲಿ ಗೀರು ಬೀಳದ ಕಾರು ಒಂದೂ ಇಲ್ಲ ಎನ್ನುವುದನ್ನು ಕಾರು ಬರುವುದಕ್ಕೆ ಮೊದಲೇ ಗಮನಿಸಿಟ್ಟಿದ್ದರು. ತೆಳುವಾದ ಪಾರದರ್ಶಕ ಫಿಲಂ ಹೊದಿಸಿದರೆ ಕಲ್ಲು, ಗೀರು ತಾಗುವುದಿಲ್ಲವಂತೆ, ಅದರ ಮೇಲೆ ಸೆರಾಮಿಕ್ ಕೋಟಿಂಗ್ ಬಳಿದರೆ ಧೂಳು, ನೀರು ನಿಲ್ಲುವುದಿಲ್ಲವಂತೆ. ಶಾಲೆಯ ಸ್ಟಾಫ್ ರೂಮಿನಲ್ಲಿ ನಾಲ್ಕು ಜನರನ್ನು ಕೇಳಿ, ಎರಡು ಅಂಗಡಿ ನೋಡಿ, ಮೂರನೆಯದಕ್ಕೆ ಒಪ್ಪಿದ್ದರು. ಐವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಐವತ್ತಮೂರಕ್ಕೆ ತಮ್ಮ ಸಂಬಳದಲ್ಲಿ ಕೊಂಡ ಕಾರು ಅದು.

ಆದರೆ ಪೂಜೆಯ ದಿನ ದೇವಸ್ಥಾನದ ಮುಂದೆ ಕಾರು ನಿಂತಾಗ ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದರು. ಹಿಂದೆ ಸರಿ ಎಂದು ಯಾರೂ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಗಂಡ ಗೋಪೀನಾಥ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಈ ಹದಿನಾಲ್ಕು ತಿಂಗಳಲ್ಲಿ ಎಲ್ಲಿ ಎಷ್ಟು ಸರಿಯಬೇಕೆಂಬುದು ಕಾಲಿಗೇ ಅಭ್ಯಾಸವಾಗಿಬಿಟ್ಟಿತ್ತು. ಗೋಪೀನಾಥನ ಅತ್ತಿಗೆ ಕಮಲಾಕ್ಷಮ್ಮನವರೇ ಕುಂಕುಮ ಕಲಸಿ, ಉಂಗುರದ ಬೆರಳಲ್ಲಿ ಸ್ವಸ್ತಿಕ ಬರೆದು, ಆರತಿ ಎತ್ತಿದ್ದರು. ಚಕ್ರದ ಕೆಳಗಿನ ನಿಂಬೆಹಣ್ಣು ಚಪ್ಪಟೆಯಾದದ್ದನ್ನು ಅನಂತಲಕ್ಷ್ಮಿ ಹೂವಿನಂಗಡಿಯ ನೆರಳಿನಿಂದ ನೋಡಿದ್ದರು.

ಈಗಲೂ ಅದೇ ಅಭ್ಯಾಸದಲ್ಲಿ ಬಾಗಿಲ ಬಳಿ ಹೋಗಿ ಕಮಲಾಕ್ಷಮ್ಮನಿಗೆ ಫೋನ್ ಮಾಡಿದರು.

"ಅಕ್ಕಾ, ಕಾರಿನ ಕುಂಕುಮ ಒರೆಸ್ಬೇಕಂತೆ. ಇಲ್ದಿದ್ರೆ ಕಲೆ ಕೂತುಬಿಡುತ್ತಂತೆ."

"ಇವತ್ತಾ? ಶನಿವಾರ ಯಾರಾದ್ರೂ ಕುಂಕುಮ ಒರೆಸ್ತಾರೇನೇ ಅನಂತೂ? ಪ್ಲಾಸ್ಟಿಕ್ ಅಂಟಿಸೋರಿಗೆ ಅದೆಲ್ಲ ಏನು ಗೊತ್ತು! ಸೋಮವಾರ ಬೆಳಿಗ್ಗೆ ನಾನೇ ಬಂದು ಒರೆಸ್ತೀನಿ, ಹೇಳು ಅವರಿಗೆ."

"ಇವತ್ತು ಬಿಟ್ರೆ ಇನ್ನು ಹತ್ತು ದಿನ ಆದ್ಮೇಲೇ ಅಕ್ಕಾ ಇವರಿಗೆ ಪುರುಸೊತ್ತು."

"ಹತ್ತು ದಿನ ಆಗ್ಲಿ ಬಿಡು, ಕಾರೇನು ಓಡಿಹೋಗುತ್ತಾ?" ಕಮಲಾಕ್ಷಮ್ಮನ ದನಿ ತಗ್ಗಿ ಮೆತ್ತಗಾಯಿತು. "ನೀನು ಮಾತ್ರ ಅದಕ್ಕೆ ಕೈ ಹಾಕ್ಬೇಡ ಕಣೇ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ನಾಳೆ ಆ ಗಾಡಿಗೆ ಏನಾದ್ರೂ ಆದ್ರೆ ಮೊದಲು ನೊಂದ್ಕೊಳ್ಳೋಳು ನೀನೇ."

"ಹೂಂ ಅಕ್ಕಾ."

ಫೋನಿಟ್ಟು ಒಳಗೆ ಬಂದರು. ಕಾರಿನ ಪಕ್ಕ ಉಮಾಶ್ರೀ ಬಕೆಟ್ಟಿನಿಂದ ಬಟ್ಟೆ ಹಿಂಡಿ ಹಿಡಿದು ನಿಂತಿದ್ದಳು. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಅಂಗಡಿಯ ಹೆಸರಿದ್ದ ಕಪ್ಪು ಟೀ ಶರ್ಟು, ಹುಬ್ಬಿನವರೆಗೆ ಎಳೆದ ಟೋಪಿ. ಫಿಲಮ್ಮಿನ ಸುರುಳಿಯನ್ನು ಆಗಲೇ ಮೇಜಿನ ಮೇಲೆ ಬಿಡಿಸಿ, ಬಾನೆಟ್ಟಿನ ಅಳತೆಗೆ ಕತ್ತರಿಸಿಟ್ಟಿದ್ದಳು. ಅದರತ್ತ ಆಗಾಗ ತಿರುಗಿ ನೋಡುತ್ತಿದ್ದಳು.

"ಅಮ್ಮಾರ, ಶುರು ಮಾಡೂಣೇನ್ರಿ? ಇಷ್ಟ ದಿನಾ ಬರೇ ಕನ್ನಡಿಗೆ, ಹ್ಯಾಂಡಲಿಗೆ ಹಚ್ಚಸ್ತಿದ್ರು. ಇಡೀ ಬಾನೆಟ್ ಇದ ಮೊದಲನೇದ್ರಿ ನಂಗ."

ಅನಂತಲಕ್ಷ್ಮಿಗೆ ಸೋಮವಾರ ಎನ್ನುವ ಮಾತು ಬಾಯಿಗೆ ಬರಲಿಲ್ಲ. ತಾನು ಮುಟ್ಟಿದರೆ ತಾನೇ ತೊಂದರೆ, ಈ ಹುಡುಗಿ ಒರೆಸಿದರೆ ಅಕ್ಕನ ಮಾತೂ ಉಳಿಯುತ್ತದೆ, ಕೆಲಸವೂ ಆಗುತ್ತದೆ ಅನ್ನಿಸಿತು.

"ನೀನೇ ಒರೆಸಿಬಿಡಮ್ಮ."

ಉಮಾಶ್ರೀ ಬಟ್ಟೆ ಹಿಡಿದ ಕೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡಳು. "ಅಯ್ಯ, ನಾ ಒಲ್ಲೆರಿ. ಪೂಜಿ ಕುಂಕುಮ ನಾ ಮುಟ್ಟೂದಿಲ್ರಿ."

ಆಗ ಅನಂತಲಕ್ಷ್ಮಿ ಅವಳ ಕೈಗಳನ್ನು ನೋಡಿದರು. ಮೊಣಕೈಯಿಂದ ಬೆರಳ ತುದಿಯವರೆಗೆ ಏನೂ ಇರಲಿಲ್ಲ. ಒಂದು ಗಾಜಿನ ಬಳೆ, ಒಂದು ರಬ್ಬರ್ ಬಳೆಯೂ ಇಲ್ಲ. ಎಡ ಮಣಿಕಟ್ಟಿನಲ್ಲಿ ಬಳೆಗಳು ಇದ್ದ ಕಡೆ ಚರ್ಮ ಸ್ವಲ್ಪ ತಿಳಿಯಾಗಿತ್ತು. ಕೊರಳೂ ಬರಿದು. ಇಷ್ಟು ಸಣ್ಣ ವಯಸ್ಸಿಗೇ, ಎಂದುಕೊಂಡರು. ಹತ್ತಿರ ಹೋಗಿ ದನಿ ತಗ್ಗಿಸಿದರು.

"ನೋಡಮ್ಮ, ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ. ಯಾರೋ ಏನೋ ಹೇಳಿರ್ತಾರೆ. ನೀನು ಮುಟ್ಟಿದ್ರೆ ಯಾವ ಗಾಡಿಗೂ ಏನೂ ಆಗಲ್ಲ. ದುಡಿದು ತಿನ್ನೋ ಕೈ ಅದು. ಹೀಗೆ ಒಂದು ಕಡೆ ಹಿಂದೆ ಸರಿದು ನಿಂತ್ರೆ, ಆಮೇಲೆ ಎಲ್ಲಾ ಕಡೆನೂ ಹಿಂದೇನೇ ನಿಲ್ಲಿಸ್ತಾರೆ. ಅದಕ್ಕೆ ಕೊನೆ ಇರಲ್ಲ. ನಿನ್ನದೇನಮ್ಮ ತಪ್ಪು ಇದರಲ್ಲಿ?"

ಉಮಾಶ್ರೀ ಅರ್ಥವಾಗದೆ ಅವರ ಮುಖವನ್ನೇ ನೋಡಿದಳು. ಅವರ ಕಣ್ಣು ತನ್ನ ಮಣಿಕಟ್ಟಿನ ಮೇಲೆ ಇದ್ದದ್ದು ಕಂಡಿತು. ತಾನೂ ಅದನ್ನು ನೋಡಿಕೊಂಡಳು. ಇದ್ದಕ್ಕಿದ್ದಂತೆ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಯವ್ವಾ! ಇಲ್ರಿ ಅಮ್ಮಾರ, ಹಂಗೇನಿಲ್ರಿ! ನಮ್ಮ ಮನಿಯವ್ರು ಗಟ್ಟಿಮುಟ್ಟ ಅದಾರ್ರಿ. ಬೈಕ್ ಮ್ಯಾಲ ಪಾರ್ಸೆಲ್ ಕೊಡಾಕ ಹೋಗ್ತಾರ. ಇವತ್ತ ಮುಂಜಾನೆ ಸುದ್ದಾ ಪಲ್ಯಾಕ ಉಪ್ಪ ಕಮ್ಮಿ ಅಂತ ಮಾರಿ ಉಬ್ಬಿಸಿಕೊಂಡ ಹೋಗ್ಯಾರ." ಅವಳು ನಗುತ್ತಲೇ ಟೀ ಶರ್ಟಿನ ಕೊರಳಿನಿಂದ ತಾಳಿಯ ಕರಿಮಣಿ ಎಳೆಯನ್ನು ಒಂದು ಬೆರಳಲ್ಲಿ ಎತ್ತಿ ತೋರಿಸಿ, ಮತ್ತೆ ಒಳಗೆ ಹಾಕಿ ಪಿನ್ನು ಚುಚ್ಚಿಕೊಂಡಳು. "ಬಳಿ ಊಟದ ಡಬ್ಬ್ಯಾಗ ಅದಾವ್ರಿ. ಉಂಗುರಾ, ಬಳಿ, ವಾಚು, ಬೆಲ್ಟು, ಏನೂ ಹಾಕ್ಕೊಂಡ ಗಾಡಿ ಹತ್ರ ಬರಂಗಿಲ್ರಿ ಇಲ್ಲೆ. ಗೀರ ಬಿದ್ರ ಯಾರ ಕೊಡಬೇಕ? ನಮ್ಮ ಅತ್ತಿ ನೋಡಿದ್ರ ಮಾತ್ರ ಒದರ್ತಾಳ ಅಂತ, ಮನಿ ತಿರುವಿನ್ಯಾಗ ನಿಂತು ಮತ್ತ ಹಾಕ್ಕೊಂತೀನಿ."

ಅನಂತಲಕ್ಷ್ಮಿಯವರ ಕಿವಿ ಬಿಸಿಯಾಯಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಒಂದು ವಾಕ್ಯ ಆಡುವ ಮುಂಚೆ ಎರಡು ಸಲ ಯೋಚಿಸುವವರು. "ಕ್ಷಮಿಸಮ್ಮ," ಎಂದರು. "ನಾನು ಏನೋ ಅಂದ್ಕೊಂಡೆ. ಮತ್ತೆ ಕುಂಕುಮ ಯಾಕೆ ಮುಟ್ಟಲ್ಲ ಅಂದೆ?"

"ಅದು ನಮ್ಮ ಗಿರಿರಾಜ್ ಅಣ್ಣಾರ ರೂಲ್ಸ್ ರಿ. ಹಿಂದಕ ಒಮ್ಮೆ ನಾವ ಒರಸೇವಿ, ಮರುದಿನಾನ ಆ ಗಾಡಿಗೆ ಹಿಂದಿನಿಂದ ಆಟೋದವ ಗುದ್ಯಾನ. ಆ ಗಾಡಿಯವರ ತಾಯಿ ಇಲ್ಲೆ ಬಂದು ಕುರ್ಚಿ ಹಾಕ್ಕೊಂಡ ಕುಂತು, ಒಂದ ತಾಸ ಬೈದ್ರು. ಆವತ್ತಿಂದ ಪೂಜಿ ಕುಂಕುಮ ಗಾಡಿ ಮಾಲಕರ ಒರಸಬೇಕ್ರಿ, ನಾವ ಮುಟ್ಟಂಗಿಲ್ಲ." ಅವಳು ಬಾಗಿಲ ಕಡೆ ನೋಡಿದಳು. "ನಿಮ್ಮ ಯಜಮಾನ್ರು ಬರಾವ್ರ ಅದಾರೇನ್ರಿ? ಅಲ್ಲೀತನಕ ಕಾಯೂಣು?"

"ಅವರಿಲ್ಲಮ್ಮ. ಹೋದ ವರ್ಷ ಹೋಗಿಬಿಟ್ರು."

ಉಮಾಶ್ರೀಯ ಮುಖದ ನಗು ಇಳಿಯಿತು. ಗೋಡೆಯ ಫ್ಯಾನು ಒಂದು ಸಲ ಅತ್ತ ತಿರುಗಿ ಇತ್ತ ಬಂತು. ತಾವು ಈಗಷ್ಟೇ ಆಡಿದ ಮಾತೆಲ್ಲ ಇನ್ನೂ ಅಲ್ಲೇ, ಕಾರಿನ ಮೇಲೆಯೇ ಕೂತಿರುವ ಹಾಗೆ ಅನಂತಲಕ್ಷ್ಮಿಗೆ ಅನ್ನಿಸಿತು. ಆ ಹುಡುಗಿಗೆ ಬೇಕಿರದ ಮಾತುಗಳು.

"ಗಾಡಿ ಯಾರ ಹೆಸರಲೆ ಐತ್ರಿ?" ಉಮಾಶ್ರೀ ಕೇಳಿದಳು.

"ನನ್ನ ಹೆಸರಲ್ಲೇ."

"ಹಂಗಾರ ಮಾಲಕರು ನೀವ ಅಲ್ರಿ," ಎಂದು ಅವಳು ಒದ್ದೆ ಬಟ್ಟೆಯನ್ನು ಮುಂದೆ ಹಿಡಿದಳು. "ವಾಚ್ ಒಂದ ತಗೀರಿ ಮತ್ತ."

ಅನಂತಲಕ್ಷ್ಮಿ ವಾಚು ಬಿಚ್ಚಿದರು. ಕೈಯಲ್ಲಿದ್ದ ಒಂದೊಂದು ಚಿನ್ನದ ಬಳೆಯನ್ನೂ ತೆಗೆದು ಬ್ಯಾಗಿನೊಳಗಿಟ್ಟು ಜಿಪ್ ಎಳೆದರು. ಜಿಪ್ ಸರಿಯಾಗಿ ಬಿದ್ದಿದೆಯೇ ಎಂದು ಮತ್ತೊಮ್ಮೆ ನೋಡಿದರು. ಬ್ಯಾಗಿನೊಳಗೆ ಫೋನು ಗುಂಯ್ ಅಂದಿತು. ಕಮಲಾಕ್ಷಮ್ಮನೇ ಇರಬೇಕು. ಅದು ತಾನಾಗಿ ನಿಲ್ಲುವವರೆಗೆ ಅವರು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನಿಂತರು.

ಮೊದಲು ಬಟ್ಟೆಯನ್ನು ಸ್ವಸ್ತಿಕದ ಮೇಲೆ ಸುಮ್ಮನೆ ಇಟ್ಟರು. ಒಣಗಿದ್ದು ನೆನೆಯಲಿ ಎಂದು ಸ್ವಲ್ಪ ಹೊತ್ತು ಅಂಗೈ ಒತ್ತಿ ಹಿಡಿದರು. ಬಾನೆಟ್ಟಿನ ತಂಪು ಬಟ್ಟೆಯಾಚೆಯಿಂದ ತಾಗುತ್ತಿತ್ತು. ಕಾರು ಮನೆಗೆ ಬಂದಾಗಿನಿಂದ ಅದರ ಮುಂಭಾಗವನ್ನು ತಾವು ಮುಟ್ಟಿದ್ದು ಇದೇ ಮೊದಲು ಎಂದು ಆಗ ಹೊಳೆಯಿತು.

ಆಮೇಲೆ ಒರೆಸಿದರು. ಒಂದು ಗೆರೆ ಹೋಯಿತು, ಇನ್ನೊಂದು ಹರಡಿ ಗುಲಾಬಿಯಾಯಿತು. ಬಟ್ಟೆ ಮಗುಚಿದರು.

"ಉಜ್ಜಬ್ಯಾಡ್ರಿ, ಒಂದ ಕಡೆ ಎಳೀರಿ. ಹಾಂ, ಹಂಗ," ಎಂದಳು ಉಮಾಶ್ರೀ.

ಕುಂಕುಮವೆಲ್ಲ ಬಟ್ಟೆಗೆ ಬಂದಾಗ ಬಿಳಿಯ ಮೇಲೆ ಉಳಿದದ್ದು ಮಾಸಲು ಕಲೆ. ಉಮಾಶ್ರೀ ಅದರ ಮೇಲೆ ಬೆರಳಷ್ಟು ಪಾಲಿಶ್ ಹಾಕಿ ಮೆಷಿನ್ ಹಿಡಿದಳು. ಸದ್ದಿಗೆ ಗಿರಿರಾಜ್ ಒಳಗೆ ಇಣುಕಿದ. ಅನಂತಲಕ್ಷ್ಮಿಯವರ ಕೆಂಪಾದ ಬೆರಳುಗಳನ್ನು ನೋಡಿ, "ಆಯ್ತಾ ಮೇಡಂ? ಥ್ಯಾಂಕ್ಸ್," ಎಂದು, ಆ ಕಡೆ ಕುರ್ಚಿ ತೋರಿಸಿದ. "ಅಲ್ಲಿ ಕೂತ್ಕೊಳ್ಳಿ, ಟೀ ಹೇಳ್ತೀನಿ. ನಾನೂ ಬಂದೆ, ಫಿಲಂ ಎತ್ತೋಕೆ ಇಬ್ರು ಬೇಕು."

ಅವರು ಕೈ ತೊಳೆದುಕೊಂಡು ಬಂದರು, ಕುರ್ಚಿಯಲ್ಲಿ ಕೂರಲಿಲ್ಲ. ಕಲೆ ಪೂರ್ತಿ ಹೋಗಿತ್ತು. ಉಮಾಶ್ರೀ ಮತ್ತು ಗಿರಿರಾಜ್ ಫಿಲಮ್ಮಿನ ಎರಡೆರಡು ಮೂಲೆ ಹಿಡಿದು, ಒಗೆದ ಸೀರೆ ಮಡಿಸುವವರ ಹಾಗೆ ಎದುರುಬದುರು ನಿಂತಿದ್ದರು. ಇಬ್ಬರ ಕೈಯೂ ತೆರವಿರಲಿಲ್ಲ.

"ಅಮ್ಮಾರ," ಎಂದು ಉಮಾಶ್ರೀ ಗದ್ದದಿಂದ ಮೇಜನ್ನು ತೋರಿಸಿದಳು, "ಆ ಸ್ಪ್ರೇ ಬಾಟ್ಲಿ ತಗೊಂಡ ಬಾನೆಟ್ ಮ್ಯಾಲ ನೀರ ಹೊಡೀರಿ. ಶಾಂಪೂ ನೀರದು, ಏನಾಗೂದಿಲ್ಲ, ಹಸಿ ಇದ್ರನ ಫಿಲಂ ನೆಟ್ಟಗ ಕೂಡ್ತೈತಿ. ಎದುರಿಗೆ ಬಂದ ನಿಂತು ಹೊಡೀರಿ."

ಅನಂತಲಕ್ಷ್ಮಿ ಕಾರಿನ ಮುಂದೆ, ನಡು ಮಧ್ಯದಲ್ಲಿ ಬಂದು ನಿಂತರು. ಬಾಟಲಿಯ ಹಿಡಿ ಒತ್ತಿದರು. ಹನಿಗಳು ಬಿಳಿಯ ಮೇಲೆ ಬಿದ್ದು, ಒಂದಕ್ಕೊಂದು ಕೂಡಿಕೊಂಡು, ಅಂಚಿನಿಂದ ಇಳಿದು ಅವರ ಕಾಲಬೆರಳ ಮೇಲೆ ತೊಟ್ಟಿಕ್ಕಿದವು.

"ಇನ್ನಷ್ಟು," ಎಂದಳು ಉಮಾಶ್ರೀ. "ಕೈ ಬಿಗಿ ಹಿಡೀಬ್ಯಾಡ್ರಿ."

ಅವರು ಇನ್ನಷ್ಟು ಹೊಡೆದರು.